ರಾಕೆಟ್ ಕೈಕೊಟ್ಟರೆ ಒಳಗಿದ್ದವರ ಗತಿಯೇನು? ಖಾಸಗಿ ಬಾಹ್ಯಾಕಾಶ ಯಾನದ ಒಳಲೆಕ್ಕ

2021ರ ಜುಲೈ 20ರಂದು ಜೆಫ್ ಬೆಜೋಸ್ ಮತ್ತು ಮೂವರು ಸಂಗಡಿಗರು ಬೆಜೋಸ್ ಅವರದೇ ಕಂಪನಿ ಬ್ಲೂ ಆರಿಜಿನ್‌ನ ನೌಕೆಯಲ್ಲಿ ಪಶ್ಚಿಮ ಟೆಕ್ಸಾಸ್‌ನ ಬಯಲಿನಿಂದ ಮೇಲೇರಿ, ಸುಮಾರು 107 ಕಿ.ಮೀ. ಎತ್ತರ ಮುಟ್ಟಿ, ಹತ್ತು ಚಿಲ್ಲರೆ ನಿಮಿಷಗಳಲ್ಲಿ ಮತ್ತೆ ನೆಲಕ್ಕಿಳಿದರು. ಅದಾಗಿ ಎರಡು ತಿಂಗಳೊಳಗೆ, ಸೆಪ್ಟೆಂಬರ್ 15ರಂದು, ಉದ್ಯಮಿ ಜೇರೆಡ್ ಐಸಾಕ್‌ಮನ್ ಮತ್ತು ಇನ್ನು ಮೂವರು ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯಲ್ಲಿ ಫ್ಲಾರಿಡಾದಿಂದ ಹೊರಟರು. ಅವರು ಸುಮಾರು 585 ಕಿ.ಮೀ. ಎತ್ತರದಲ್ಲಿ ಮೂರು ದಿನ ಭೂಮಿಯನ್ನು ಸುತ್ತಿ ಅಟ್ಲಾಂಟಿಕ್ ಸಾಗರದಲ್ಲಿ ಇಳಿದರು. ಸುದ್ದಿಯಲ್ಲಿ ಎರಡಕ್ಕೂ ಒಂದೇ ಹೆಸರು: ಬಾಹ್ಯಾಕಾಶ ಪ್ರವಾಸ. ಬೆಲೆ, ತರಬೇತಿ, ಅಪಾಯ, ಕಾನೂನು ಯಾವುದರ ಬಗ್ಗೆ ಮಾತಾಡುವುದಿದ್ದರೂ ಮೊದಲು ಈ ಎರಡನ್ನು ಬಿಡಿಸಿ ಇಟ್ಟುಕೊಳ್ಳಬೇಕು. ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ.

ತೂಗುವುದಕ್ಕೆ ಎತ್ತರಕ್ಕಿಂತಲೂ ಟಿಕೆಟ್ ದರಕ್ಕಿಂತಲೂ ಸರಿಯಾದ ಅಳತೆಗೋಲೊಂದಿದೆ. ಹಾರಾಟದ ಇಂಥ ಸೆಕೆಂಡಿನಲ್ಲಿ ಯಂತ್ರ ಕೆಟ್ಟಿತು ಎಂದುಕೊಳ್ಳಿ, ಆಗ ಒಳಗಿದ್ದವರು ಬದುಕಿ ಬರುವ ದಾರಿ ಯಾವುದು? ಪ್ರತಿ ನೌಕೆಗೂ ಇದಕ್ಕೆ ಬೇರೆ ಬೇರೆ ಉತ್ತರವಿದೆ. ಕೆಲವು ನೌಕೆಗಳಲ್ಲಿ, ಹಾರಾಟದ ಕೆಲವು ಹಂತಗಳಲ್ಲಿ, ಉತ್ತರವೇ ಇಲ್ಲ.

ಎತ್ತರ ಬೇರೆ, ವೇಗ ಬೇರೆ

ಒಂದು ಕಿಲೋ ತೂಕದ ವಸ್ತುವನ್ನು 100 ಕಿ.ಮೀ. ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 1 ಮೆಗಾಜೌಲ್. ಅದೇ ಒಂದು ಕಿಲೋವನ್ನು 400 ಕಿ.ಮೀ. ಎತ್ತರದ ಕಕ್ಷೆಯಲ್ಲಿ ನಿಲ್ಲಿಸಲು ಸುಮಾರು 33 ಮೆಗಾಜೌಲ್ ಬೇಕು. ಎತ್ತರ ನಾಲ್ಕು ಪಟ್ಟು ಹೆಚ್ಚಿದರೆ ಶಕ್ತಿ ಮೂವತ್ತಕ್ಕೂ ಹೆಚ್ಚು ಪಟ್ಟು ಏರುವುದೇಕೆ? ಏಕೆಂದರೆ ಕಕ್ಷೆ ಎಂದರೆ ಎತ್ತರವಲ್ಲ, ವೇಗ. ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಓಡುತ್ತಿದ್ದರೆ ಮಾತ್ರ ನೌಕೆ ಭೂಮಿಗೆ ಬೀಳದೆ ಅದರ ಸುತ್ತ ಬೀಳುತ್ತಲೇ ಇರುತ್ತದೆ. ಮೇಲೇರಿ ಕೆಳಗಿಳಿಯುವ ಯಾನಕ್ಕೆ ಈ ಅಡ್ಡ ವೇಗ ಬೇಕಿಲ್ಲ. ಗರಿಷ್ಠ ವೇಗ ಶಬ್ದದ ಮೂರು ಪಟ್ಟಿನ ಆಸುಪಾಸಿನಲ್ಲಿದ್ದರೆ ಸಾಕು.

ಹೋಗುವಾಗ ತುಂಬಿದ ಶಕ್ತಿಯನ್ನೆಲ್ಲ ಬರುವಾಗ ಕಳೆದುಕೊಳ್ಳಲೇಬೇಕು. 33 ಮೆಗಾಜೌಲ್ ಎಂದರೆ ಹನ್ನೆರಡು ಕಿಲೋ ನೀರನ್ನು ಪೂರ್ತಿ ಆವಿಯಾಗಿಸುವಷ್ಟು ಶಾಖ, ಅದೂ ನೌಕೆಯ ಒಂದೊಂದು ಕಿಲೋ ತೂಕಕ್ಕೆ. ಅದಕ್ಕೇ ಕಕ್ಷೆಯಿಂದ ಮರಳುವ ಕ್ಯಾಪ್ಸೂಲ್‌ಗೆ 1,900 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ತಡೆಯುವ ಶಾಖಕವಚ ಬೇಕು. ಸುಮ್ಮನೆ ಮೇಲೆ ಹೋಗಿ ಬರುವ ಕ್ಯಾಪ್ಸೂಲ್‌ಗೆ ಅಂಥದ್ದು ಬೇಡ. ಇಂಧನ, ತೂಕ, ತರಬೇತಿ, ಖರ್ಚು ಎಲ್ಲದರ ವ್ಯತ್ಯಾಸವೂ ಇದೊಂದು ಅಂಕಿಯಿಂದಲೇ ಹುಟ್ಟುತ್ತದೆ.

ಬಾಹ್ಯಾಕಾಶ ಎಲ್ಲಿಂದ ಶುರು ಎಂಬ ಜಗಳ ಇದರ ಮುಂದೆ ಸಣ್ಣದು. ಅಮೆರಿಕದ ಸಂಸ್ಥೆಗಳು 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ಎನ್ನುತ್ತವೆ, ಹೊರಗೆ ಹೆಚ್ಚಾಗಿ ಒಪ್ಪುವ ಗಡಿಯಾದ ಕಾರ್ಮನ್ ರೇಖೆ 100 ಕಿ.ಮೀ.ನಲ್ಲಿದೆ. 2021ರ ಜುಲೈ 11ರಂದು ವರ್ಜಿನ್ ಗ್ಯಾಲಕ್ಟಿಕ್ ಕಂಪನಿಯ ಸ್ಥಾಪಕ ರಿಚರ್ಡ್ ಬ್ರಾನ್ಸನ್ ತಲುಪಿದ್ದು ಸುಮಾರು 86 ಕಿ.ಮೀ. ದೇಹಕ್ಕೆ ಆಗುವ ಅನುಭವದಲ್ಲಾಗಲಿ ಅಪಾಯದಲ್ಲಾಗಲಿ ಈ ಅಂತರದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹತ್ತು ನಿಮಿಷದ ಯಾನ

ಬ್ಲೂ ಆರಿಜಿನ್‌ನ ನ್ಯೂ ಶೆಪರ್ಡ್ ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕ ಉರಿಸುವ ಒಂದೇ ಎಂಜಿನ್‌ನ ರಾಕೆಟ್. ಎಂಜಿನ್ ಎರಡೂಕಾಲು ನಿಮಿಷದಷ್ಟು ಉರಿದು ಆರುತ್ತದೆ. ಆಮೇಲೆ ಕ್ಯಾಪ್ಸೂಲ್ ಬೇರ್ಪಟ್ಟು, ಎಸೆದ ಕಲ್ಲಿನಂತೆ ತನ್ನ ಓಟದಲ್ಲೇ ಮೇಲೇರಿ ಇಳಿಯುತ್ತದೆ. ತೂಕವಿಲ್ಲದ ಅನುಭವ ಸಿಗುವುದು ಈ ಅವಧಿಯಲ್ಲಿ, ಮೂರು ನಿಮಿಷದ ಆಸುಪಾಸು. ಹೋಗುವಾಗ ದೇಹದ ಮೇಲೆ ಸುಮಾರು 3 ಜಿ, ಅಂದರೆ ನಮ್ಮ ತೂಕದ ಮೂರು ಪಟ್ಟು ಒತ್ತಡ. ಬರುವಾಗ ಕೆಲವು ಸೆಕೆಂಡುಗಳ ಕಾಲ 5 ಜಿ ದಾಟುತ್ತದೆ, ಅಂದರೆ 70 ಕಿಲೋ ತೂಗುವವರಿಗೆ ಎದೆಯ ಮೇಲೆ 350 ಕಿಲೋ ಹೇರಿದಂತೆ. ಮೂರು ಪ್ಯಾರಾಚೂಟ್‌ಗಳು ವೇಗ ತಗ್ಗಿಸುತ್ತವೆ, ನೆಲ ಮುಟ್ಟುವ ಕ್ಷಣದಲ್ಲಿ ಅಡಿಯಿಂದ ಅನಿಲ ಚಿಮ್ಮಿ ಪೆಟ್ಟನ್ನು ಮೆತ್ತಗಾಗಿಸುತ್ತದೆ.

ಪ್ರಯಾಣಿಕರಿಂದ ಕಂಪನಿ ಕೇಳುವುದು ಕಡಿಮೆ: ಉಡಾವಣಾ ಗೋಪುರದ ಏಳು ಅಂತಸ್ತಿನ ಮೆಟ್ಟಿಲನ್ನು ಒಂದೂವರೆ ನಿಮಿಷದೊಳಗೆ ಹತ್ತಬೇಕು, ಸೀಟಿನ ಪಟ್ಟಿಯನ್ನು 15 ಸೆಕೆಂಡಿನಲ್ಲಿ ಕಟ್ಟಿ ಬಿಚ್ಚಬೇಕು, ಬಾಗಿಲು ಮುಚ್ಚಿದ ಕ್ಯಾಪ್ಸೂಲ್‌ನಲ್ಲಿ ಒಂದೂವರೆ ಗಂಟೆ ಕೂರಬಲ್ಲವರಾಗಿರಬೇಕು. ಪಟ್ಟಿಯ ನಿಯಮ ನೋಡಲು ಚಿಕ್ಕದು, ಆದರೆ ಎಲ್ಲದಕ್ಕಿಂತ ಮುಖ್ಯ. ತೇಲಾಡುವ ಸಮಯ ಮುಗಿಯುತ್ತಲೇ ಸೀಟಿಗೆ ಮರಳಿ ಬಿಗಿದುಕೊಳ್ಳದವರು 5 ಜಿ ಒತ್ತಡದಲ್ಲಿ ಕ್ಯಾಪ್ಸೂಲ್‌ನ ನೆಲಕ್ಕೆ ಅಪ್ಪಳಿಸುತ್ತಾರೆ.

ಈ ನೌಕೆಯ ನಿಜವಾದ ಪರೀಕ್ಷೆ ನಡೆದದ್ದು 2022ರ ಸೆಪ್ಟೆಂಬರ್ 12ರಂದು. ಅಂದು ಒಳಗೆ ಮನುಷ್ಯರಿರಲಿಲ್ಲ, ಪ್ರಯೋಗದ ಉಪಕರಣಗಳಷ್ಟೇ ಇದ್ದವು. ಹೊರಟು ಒಂದು ನಿಮಿಷ ದಾಟಿತ್ತು, ಗಾಳಿಯ ಒತ್ತಡ ನೌಕೆಯ ಮೇಲೆ ಅತಿ ಹೆಚ್ಚಾಗುವ ಹೊತ್ತು. ಎಂಜಿನ್‌ನ ನಳಿಗೆ ಅಂದಾಜಿಗಿಂತ ಹೆಚ್ಚು ಕಾದು ಮುರಿಯಿತು. ತಕ್ಷಣ ಕ್ಯಾಪ್ಸೂಲ್‌ನಲ್ಲಿದ್ದ ಘನ ಇಂಧನದ ರಾಕೆಟ್ ತಾನಾಗಿ ಹೊತ್ತಿ ಅದನ್ನು ಎಳೆದೊಯ್ದಿತು, ಪ್ಯಾರಾಚೂಟ್‌ಗಳು ಬಿಚ್ಚಿದವು, ಕ್ಯಾಪ್ಸೂಲ್ ಕ್ಷೇಮವಾಗಿ ಇಳಿಯಿತು. ಕೆಳಗಿನ ರಾಕೆಟ್ ನೆಲಕ್ಕಪ್ಪಳಿಸಿ ನಾಶವಾಯಿತು. ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ 21 ತಿದ್ದುಪಡಿಗಳನ್ನು ಕೇಳಿತು. ನೌಕೆ ಮತ್ತೆ ಹಾರಿದ್ದು 2023ರ ಡಿಸೆಂಬರ್‌ನಲ್ಲಿ. 2024ರ ಮೇ 19ರ ಯಾನದಲ್ಲಿ ಮೂರು ಪ್ಯಾರಾಚೂಟ್‌ಗಳ ಪೈಕಿ ಒಂದು ಪೂರ್ತಿ ಅರಳಲಿಲ್ಲ. ಆದರೂ ಒಳಗಿದ್ದ ಆರು ಮಂದಿಗೆ, ಅವರಲ್ಲೊಬ್ಬರಾದ 90 ವರ್ಷದ ಎಡ್ ಡ್ವೈಟ್ ಅವರಿಗೂ, ಏನೂ ಆಗಲಿಲ್ಲ. ಎರಡೇ ಪ್ಯಾರಾಚೂಟ್‌ಗಳಲ್ಲೂ ಇಳಿಯುವಂತೆ ಮೊದಲೇ ಲೆಕ್ಕ ಹಾಕಿದ್ದರ ಫಲವದು. ಯಂತ್ರ ಕೆಡುವುದಿಲ್ಲ ಎಂದು ನಂಬಿ ಕಟ್ಟುವುದಕ್ಕೂ ಕೆಟ್ಟೇ ಕೆಡುತ್ತದೆಂದು ಕಟ್ಟುವುದಕ್ಕೂ ಇರುವ ಅಂತರ ಈ ಎರಡು ಘಟನೆಗಳಲ್ಲಿ ಕಾಣುತ್ತದೆ.

ವರ್ಜಿನ್ ಗ್ಯಾಲಕ್ಟಿಕ್‌ನ ದಾರಿ ಬೇರೆ. ಎರಡು ಒಡಲಿನ ವಿಮಾನವೊಂದು ರಾಕೆಟ್-ವಿಮಾನವನ್ನು ಹೊತ್ತು 13-14 ಕಿ.ಮೀ. ಎತ್ತರಕ್ಕೊಯ್ದು ಬಿಡುತ್ತದೆ. ರಾಕೆಟ್ ಸುಮಾರು ಒಂದು ನಿಮಿಷ ಉರಿಯುತ್ತದೆ. ಇದರ ಇಂಧನ ರಬ್ಬರಿನಂಥ ಘನ ವಸ್ತು, ಅದನ್ನು ಉರಿಸುವುದು ನೈಟ್ರಸ್ ಆಕ್ಸೈಡ್. ಇಳಿಯುವಾಗ ಬಾಲದ ತೋಳುಗಳು ಮೇಲಕ್ಕೆ ಮಡಚಿಕೊಳ್ಳುತ್ತವೆ. ಆಗ ನೌಕೆ ಬ್ಯಾಡ್ಮಿಂಟನ್ ಕಾಕ್‌ನಂತೆ ತಾನಾಗಿ ಸರಿಯಾದ ಭಂಗಿಗೆ ತಿರುಗಿ ನಿಧಾನವಾಗುತ್ತದೆ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಈ ಉಪಾಯ ಅಪ್ಪಟ ಪ್ರತಿಭೆಯದು. 2004ರ ಅಕ್ಟೋಬರ್ 4ರಂದು ಈ ನೌಕೆಯ ಪೂರ್ವಜ ಸ್ಪೇಸ್‌ಶಿಪ್‌ಒನ್‌ಗೆ, ಖಾಸಗಿ ಬಾಹ್ಯಾಕಾಶ ನೌಕೆಗೆಂದು ಇಟ್ಟಿದ್ದ 1 ಕೋಟಿ ಡಾಲರ್‌ನ ಅನ್ಸಾರಿ ಎಕ್ಸ್ ಪ್ರೈಜ್ ಗೆದ್ದುಕೊಟ್ಟ ವಿನ್ಯಾಸದ ಜೀವಾಳವೇ ಅದು.

ಅದೇ ಉಪಾಯದ ಬೀಗವೊಂದು 2014ರ ಅಕ್ಟೋಬರ್ 31ರಂದು ಜೀವ ತೆಗೆಯಿತು. ಬಾಲದ ಬೀಗವನ್ನು ಶಬ್ದದ ವೇಗದ 1.4 ಪಟ್ಟು ದಾಟಿದ ಮೇಲಷ್ಟೇ ತೆಗೆಯಬೇಕಿತ್ತು. ಪರೀಕ್ಷಾ ಹಾರಾಟದಲ್ಲಿ ಸಹಪೈಲಟ್ ಶಬ್ದದ ವೇಗ ಮುಟ್ಟುವ ಮೊದಲೇ ಅದನ್ನು ತೆಗೆದರು. ಮಡಚುವ ಆಜ್ಞೆ ಕೊಡದಿದ್ದರೂ ಗಾಳಿಯ ಬಲಕ್ಕೆ ಬಾಲ ತಾನಾಗಿ ಎದ್ದಿತು, ನೌಕೆ ಚೂರುಚೂರಾಯಿತು. ಸಹಪೈಲಟ್ ಮೈಕಲ್ ಆಲ್ಸ್‌ಬರಿ ಸತ್ತರು, ಪೈಲಟ್ ಪೀಟರ್ ಸೀಬೋಲ್ಡ್ ಪ್ಯಾರಾಚೂಟ್‌ನಿಂದ ಬದುಕಿದರು. ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಬೊಟ್ಟು ಮಾಡಿದ್ದು ಸಹಪೈಲಟ್‌ನ ಕೈಯ ಕಡೆಗಷ್ಟೇ ಅಲ್ಲ. ಒಬ್ಬ ಮನುಷ್ಯನ ಒಂದೇ ತಪ್ಪಿನಿಂದ ನೌಕೆ ನಾಶವಾಗಬಹುದು ಎಂಬುದನ್ನು ನೌಕೆ ಕಟ್ಟಿದವರು ಯೋಚಿಸಿರಲಿಲ್ಲ ಎಂದಿತು. ಆಮೇಲಿನ ನೌಕೆಯಲ್ಲಿ ಬೀಗವನ್ನು ಅವಧಿಗೆ ಮೊದಲು ತೆಗೆಯಲು ಬಾರದಂತೆ ತಡೆ ಅಳವಡಿಸಲಾಯಿತು. ಅಪಾಯದ ಇನ್ನೊಂದು ಮೂಲ ನೈಟ್ರಸ್ ಆಕ್ಸೈಡ್: 2007ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಎಂಜಿನ್ ಹೊತ್ತಿಸದೆ ಬರಿಯ ಹರಿವನ್ನು ಪರೀಕ್ಷಿಸುವಾಗಲೇ ಸಿಡಿದು ಮೂವರು ನೌಕರರು ಸತ್ತಿದ್ದರು.

ಈ ವಿನ್ಯಾಸದಲ್ಲಿ ಪ್ರಯಾಣಿಕರನ್ನು ಬೇರ್ಪಡಿಸಿ ಒಯ್ಯುವ ವ್ಯವಸ್ಥೆ ಇಲ್ಲ. ಎಂಜಿನ್ ಸುಮ್ಮನೆ ಆರಿಹೋದರೆ ತೊಂದರೆಯಿಲ್ಲ, ರೆಕ್ಕೆ ಇರುವುದರಿಂದ ತೇಲುತ್ತಾ ರನ್‌ವೇಗೆ ಮರಳಬಹುದು. ಆದರೆ ಒಡಲೇ ಮುರಿದರೆ ದಾರಿಯಿಲ್ಲ. 4,50,000 ಡಾಲರ್‌ಗೆ ಮಾರಿದ ಟಿಕೆಟ್‌ನ ಜತೆ ಈ ಎರಡು ವಾಕ್ಯಗಳನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು ಎಂಬುದು ನಮ್ಮ ಅಭಿಪ್ರಾಯ.

ಕಕ್ಷೆಯ ಯಾನ

ಹಣ ಕೊಟ್ಟು ಕಕ್ಷೆಗೆ ಹೋದವರಲ್ಲಿ ಮೊದಲಿಗರೆಂದು ಹೆಸರಾದವರು ಡೆನ್ನಿಸ್ ಟಿಟೊ. 2001ರ ಏಪ್ರಿಲ್ 28ರಂದು ರಷ್ಯಾದ ಸೊಯೂಜ್‌ನಲ್ಲಿ ಹೊರಟು ಸುಮಾರು ಎಂಟು ದಿನ ಇದ್ದು ಬಂದರು. ಕೊಟ್ಟದ್ದು 2 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. 2009ರವರೆಗೆ ಹೀಗೆ ಏಳು ಜನ ಎಂಟು ಯಾನ ಮಾಡಿದರು. 2011ರಲ್ಲಿ ಅಮೆರಿಕದ ಷಟಲ್‌ಗಳು ನಿಂತವು, ಸೊಯೂಜ್‌ನ ಸೀಟುಗಳೆಲ್ಲ ಗಗನಯಾತ್ರಿಗಳಿಗೇ ಬೇಕಾದವು, ಪ್ರವಾಸ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ತಬ್ಧವಾಯಿತು. ಈ ಮಾರುಕಟ್ಟೆ ಎಂದೂ ಸ್ವಂತ ಕಾಲ ಮೇಲೆ ನಿಂತದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಸರಕಾರಿ ಯಾನದಲ್ಲಿ ಉಳಿದ ಸೀಟೇ ಅದರ ಬಂಡವಾಳವಾಗಿತ್ತು.

ಮತ್ತೆ ಜೀವ ಬಂದದ್ದೂ ಸರಕಾರದ ಹಣದಿಂದಲೇ. ಆದರೆ ಹಣ ಕೊಡುವ ಬಗೆ ಬದಲಾಗಿತ್ತು. ಖರ್ಚಾದಷ್ಟೂ ತುಂಬಿಕೊಡುವ ಹಳೆಯ ಗುತ್ತಿಗೆಯ ಬದಲು ನಾಸಾ ನಿಗದಿತ ಬೆಲೆಯ ಗುತ್ತಿಗೆ ಕೊಟ್ಟಿತು. 2014ರಲ್ಲಿ ಗಗನಯಾತ್ರಿಗಳನ್ನು ಒಯ್ಯುವ ನೌಕೆಗಾಗಿ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್. ನೌಕೆ ಕಂಪನಿಯದೇ, ನಾಸಾ ಅದರಲ್ಲಿ ಸವಾರಿ ಕೊಳ್ಳುವ ಗಿರಾಕಿ. ಉಳಿದ ಸವಾರಿಯನ್ನು ಕಂಪನಿ ಯಾರಿಗೆ ಬೇಕಾದರೂ ಮಾರಬಹುದು. ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ 2020ರ ಮೇ 30ರಂದು ಮೊದಲ ಬಾರಿ ಜನರನ್ನು ಒಯ್ದಿತು, ಮರುವರ್ಷವೇ ಖಾಸಗಿ ಯಾನ ಶುರುವಾಯಿತು. ಬೋಯಿಂಗ್‌ನ ಸ್ಟಾರ್‌ಲೈನರ್ 2024ರ ಜೂನ್‌ನಲ್ಲಿ ಇಬ್ಬರನ್ನು ಒಯ್ದು, ಹೀಲಿಯಂ ಸೋರಿಕೆ ಮತ್ತು ಕೈಕೊಟ್ಟ ಥ್ರಸ್ಟರ್‌ಗಳ (ನೌಕೆಯ ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳ) ಕಾರಣ ಖಾಲಿಯಾಗಿ ಮರಳಿತು.

ಡ್ರ್ಯಾಗನ್‌ನಲ್ಲಿ ಯಾತ್ರಿಗಳು ಮೊದಲು ಕೂರುತ್ತಾರೆ, ರಾಕೆಟ್‌ಗೆ ಇಂಧನ ತುಂಬುವುದು ಆಮೇಲೆ. ಹೊರಡಲು 35 ನಿಮಿಷ ಇರುವಾಗ ತುಂಬುವುದು ಶುರು. ಆಮ್ಲಜನಕವನ್ನು ಅತಿಯಾಗಿ ತಣ್ಣಗಾಗಿಸಿ ಹೆಚ್ಚು ಹಿಡಿಸುವುದರಿಂದ ಅದು ಬಿಸಿಯೇರುವ ಮುನ್ನ ಹೊರಡಬೇಕು. ತುಂಬುವ ಹೊತ್ತಿನಲ್ಲೇ ಬೆಂಕಿ ತಗುಲಿದರೆ ಎಂಬ ಆತಂಕದಿಂದ ಈ ಕ್ರಮವನ್ನು ವರ್ಷಗಟ್ಟಲೆ ಚರ್ಚಿಸಲಾಯಿತು. ಉತ್ತರ ಇಷ್ಟು: ತುಂಬುವುದಕ್ಕೆ ಮುಂಚೆಯೇ ಪಾರಾಗುವ ವ್ಯವಸ್ಥೆಯನ್ನು ಸಜ್ಜುಗೊಳಿಸಿರಬೇಕು. ಕ್ಯಾಪ್ಸೂಲ್‌ನ ಪಕ್ಕಗಳಲ್ಲಿರುವ ಎಂಟು ಸೂಪರ್‌ಡ್ರಾಕೊ ಎಂಜಿನ್‌ಗಳು ಅದನ್ನು ಯಾವ ಕ್ಷಣದಲ್ಲೂ ರಾಕೆಟ್‌ನಿಂದ ಕಿತ್ತೊಯ್ಯಬಲ್ಲವು.

ಹಾಗೆ ಕಾಪಾಡಬೇಕಾದ ವ್ಯವಸ್ಥೆಯೇ ಒಮ್ಮೆ ಸಿಡಿಯಿತು. 2019ರ ಏಪ್ರಿಲ್ 20ರ ನೆಲದ ಪರೀಕ್ಷೆಯಲ್ಲಿ, ಎಂಜಿನ್ ಹೊತ್ತುವ ಸುಮಾರು ಹತ್ತನೇ ಒಂದು ಸೆಕೆಂಡ್ ಮೊದಲು, ಕ್ಯಾಪ್ಸೂಲ್ ಛಿದ್ರವಾಯಿತು. ಒಳಗೆ ಯಾರೂ ಇರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕದ್ದು ಸೋರುವ ಒಂದು ಬಿಡಿಭಾಗ. ಇಂಧನವನ್ನು ಉರಿಸುವ ದ್ರವವಾದ ನೈಟ್ರೋಜನ್ ಟೆಟ್ರಾಕ್ಸೈಡ್ ಹೀಲಿಯಂ ಕೊಳವೆಯೊಳಗೆ ಜಿನುಗಿ ನಿಂತಿತ್ತು. ಹೀಲಿಯಂ ಒತ್ತಡ ಒಮ್ಮೆಲೇ ಬಂದಾಗ ಆ ದ್ರವ ಗುಂಡಿನಂತೆ ನುಗ್ಗಿ ಟೈಟಾನಿಯಂನ ವಾಲ್ವ್‌ಗೆ ಬಡಿಯಿತು, ಲೋಹವೇ ಹೊತ್ತಿಕೊಂಡಿತು. ಪರಿಹಾರ ಸರಳ: ವಾಲ್ವ್ ತೆಗೆದು, ಒತ್ತಡ ಬಂದಾಗಷ್ಟೇ ಒಡೆಯುವ ಬಿಲ್ಲೆ ಹಾಕಿದರು. ಬಿಲ್ಲೆ ಒಡೆಯುವತನಕ ದಾರಿ ಪೂರ್ತಿ ಮುಚ್ಚಿರುತ್ತದೆ, ಹನಿ ಜಿನುಗಲೂ ಎಡೆಯಿಲ್ಲ. 2020ರ ಜನವರಿ 19ರಂದು ಹಾರುತ್ತಿರುವ ರಾಕೆಟ್‌ನಿಂದಲೇ ಖಾಲಿ ಕ್ಯಾಪ್ಸೂಲ್ ಕಿತ್ತು ಬರುವುದನ್ನು ಪರೀಕ್ಷಿಸಿ ತೋರಿಸಿದರು.

ಕಕ್ಷೆ ತಲುಪಲು ಸುಮಾರು ಒಂಬತ್ತು ನಿಮಿಷ ಸಾಕು. ಕಷ್ಟ ಶುರುವಾಗುವುದು ಆಮೇಲೆ. ಬಾಹ್ಯಾಕಾಶಕ್ಕೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನ ವಾಕರಿಕೆ, ತಲೆಭಾರ. ಒಳಗಿವಿಯ ಸಮತೋಲನದ ಅಂಗ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತದೆ. ಕಾಲಿನ ಕಡೆಗಿದ್ದ ದ್ರವ ತಲೆಯ ಕಡೆಗೆ ಸರಿದು ಮುಖ ಊದಿಕೊಳ್ಳುತ್ತದೆ. ಆರು ತಿಂಗಳು ಇರುವವರಿಗೆ ಇದು ಲೆಕ್ಕಕ್ಕಿಲ್ಲ. ಮೂರು ದಿನಕ್ಕೆ ಹೋದವರಿಗೆ ಯಾನದ ದೊಡ್ಡ ಪಾಲು ಇದರಲ್ಲೇ ಕಳೆಯುತ್ತದೆ. ಜಾಗ 9.3 ಘನ ಮೀಟರ್, ನಾಲ್ಕು ಜನರಿಗೆ. ಐಸಾಕ್‌ಮನ್ ಅವರ ಯಾನದಲ್ಲಿ ಶೌಚವ್ಯವಸ್ಥೆಯ ಕೊಳವೆಯೊಂದರ ಅಂಟು ಬಿಟ್ಟು, ಮೂತ್ರ ಟ್ಯಾಂಕಿಗೆ ಹೋಗದೆ ನೆಲದಡಿಯ ಫ್ಯಾನ್ ಇರುವ ಕಡೆ ಸೇರಿತು. ಮುಂದಿನ ನೌಕೆಗಳಲ್ಲಿ ಅಂಟಿನ ಜೋಡಣೆ ಬಿಟ್ಟು ಬೆಸುಗೆ ಹಾಕಿದರು.

2024ರ ಸೆಪ್ಟೆಂಬರ್ 12ರ ಪೊಲಾರಿಸ್ ಡಾನ್ ಎಂಬ ಖಾಸಗಿ ಯಾನದ ಬಾಹ್ಯಾಕಾಶ ನಡಿಗೆ ಇನ್ನೊಂದು ಬಗೆಯ ಸಾಹಸ. ಡ್ರ್ಯಾಗನ್‌ಗೆ ಹೊರಹೋಗುವ ಪ್ರತ್ಯೇಕ ಕೋಣೆ ಇಲ್ಲ. ಹಾಗಾಗಿ ಹೊರಗೆ ಬಂದದ್ದು ಐಸಾಕ್‌ಮನ್ ಮತ್ತು ಸಾರಾ ಗಿಲ್ಲಿಸ್ ಇಬ್ಬರೇ ಆದರೂ ಇಡೀ ಕ್ಯಾಪ್ಸೂಲ್‌ನ ಗಾಳಿ ಖಾಲಿ ಮಾಡಿ, ನಾಲ್ವರೂ ಉಡುಪಿನೊಳಗೆ ನಿರ್ವಾತವನ್ನು ಎದುರಿಸಬೇಕಾಯಿತು. ಅದಕ್ಕೆ ಎರಡು ದಿನ ಮೊದಲಿನಿಂದ ಒಳಗಿನ ಒತ್ತಡವನ್ನು ಮೆಲ್ಲಗೆ ತಗ್ಗಿಸಿ ಆಮ್ಲಜನಕದ ಪಾಲು ಏರಿಸುತ್ತಾ ಬಂದಿದ್ದರು. ಹಾಗೆ ಮಾಡದಿದ್ದರೆ ರಕ್ತದಲ್ಲಿ ಕರಗಿದ ನೈಟ್ರೋಜನ್, ಮುಚ್ಚಳ ತೆರೆದ ಸೋಡಾದಲ್ಲಿ ಏಳುವಂತೆ, ಗುಳ್ಳೆಯಾಗಿ ಕೀಲುಗಳನ್ನೂ ಮಿದುಳನ್ನೂ ಬಾಧಿಸುತ್ತದೆ.

ಮರಳುವಾಗ 5.5 ಕಿ.ಮೀ. ಎತ್ತರದಲ್ಲಿ ಎರಡು ಪುಟ್ಟ ಪ್ಯಾರಾಚೂಟ್, ಎರಡು ಕಿ.ಮೀ.ಗಿಂತ ಕೆಳಗೆ ನಾಲ್ಕು ದೊಡ್ಡವು ಬಿಚ್ಚಿಕೊಳ್ಳುತ್ತವೆ. ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 25 ಕಿ.ಮೀ. 2021ರ ನವೆಂಬರ್‌ನಲ್ಲಿ ನಾಲ್ಕರಲ್ಲೊಂದು ಒಂದು ನಿಮಿಷಕ್ಕೂ ಹೆಚ್ಚು ತಡವಾಗಿ ಅರಳಿತ್ತು. ಮೂರರಲ್ಲೂ ಇಳಿಯಬಹುದಾದ್ದರಿಂದ ಅಪಾಯವಾಗಲಿಲ್ಲ. ಸಮುದ್ರದ ಅಲೆ ಗಾಳಿ ಸರಿಯಿಲ್ಲದಿದ್ದರೆ ಇಳಿಯುವಂತಿಲ್ಲ. ಆಕ್ಸಿಯಮ್ ಕಂಪನಿ ಡ್ರ್ಯಾಗನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ನಡೆಸಿದ 2022ರ ಏಪ್ರಿಲ್‌ನ ಆಕ್ಸಿಯಮ್-1 ಯಾನ ಹತ್ತು ದಿನದ್ದೆಂದು ಹೊರಟು ಹವಾಮಾನದಿಂದಾಗಿ ಹದಿನೇಳು ದಿನಕ್ಕೆ ಮುಗಿಯಿತು. ಅದರ ಒಂದು ಸೀಟಿಗೆ 5.5 ಕೋಟಿ ಡಾಲರ್ ಎಂದು ವರದಿಯಾಗಿತ್ತು.

ಆ ಬೆಲೆ ಕೊಡುವವರು ಯಾರು? ಆರಂಭದಲ್ಲಿ ಕೋಟ್ಯಧಿಪತಿಗಳು. ಈಗ ಹೆಚ್ಚಾಗಿ ಸರಕಾರಗಳು. 2025ರ ಜೂನ್ 25ರಂದು ಹೊರಟ ಆಕ್ಸಿಯಮ್-4ರಲ್ಲಿ ಕಮಾಂಡರ್ ಪೆಗ್ಗಿ ವಿಟ್ಸನ್ ಅವರನ್ನು ಬಿಟ್ಟರೆ ಉಳಿದ ಮೂವರು ಭಾರತ, ಪೋಲೆಂಡ್, ಹಂಗೇರಿಗಳ ಪರವಾಗಿ ಹೋದವರು. ಶುಭಾಂಶು ಶುಕ್ಲಾ ಅವರನ್ನು ಪ್ರವಾಸಿ ಎಂದು ಕರೆಯುವುದು ತಪ್ಪು, ಅವರು ದೇಶದ ಗಗನಯಾತ್ರಿ, ಖಾಸಗಿ ವಾಹನದಲ್ಲಿ ಹೋದವರು. ಆ ಯಾನ ತಡವಾದದ್ದಕ್ಕೆ ರಾಕೆಟ್‌ನಲ್ಲಿ ಕಂಡ ದ್ರವ ಆಮ್ಲಜನಕದ ಸೋರಿಕೆಯೂ ನಿಲ್ದಾಣದ ರಷ್ಯನ್ ಭಾಗದ ಗಾಳಿ ಸೋರಿಕೆಯೂ ಕಾರಣ. ತಡಮಾಡಿದ್ದು ಸರಿಯಾದ ನಿರ್ಧಾರ. ಅಂತರರಾಷ್ಟ್ರೀಯ ನಿಲ್ದಾಣವನ್ನು 2030ರ ಬಳಿಕ ಕೆಳಗಿಳಿಸುವ ಯೋಜನೆಯಿದೆ. ಆಮೇಲೆ ಕಂಪನಿಗಳೇ ಕಟ್ಟುವ ನಿಲ್ದಾಣಗಳು ನಿಲ್ಲುವುದು ಇಂಥ ಸರಕಾರಿ ಗಿರಾಕಿಗಳ ಭರವಸೆಯ ಮೇಲೆ.

ಮೇಲಿನ ಗಾಳಿಗೆ ಬೀಳುವ ಮಸಿಯ ಪ್ರಶ್ನೆಯೂ ಇದೆ. ಸೀಮೆಎಣ್ಣೆಯ ರಾಕೆಟ್ಟೂ ರಬ್ಬರ್ ಉರಿಸುವ ರಾಕೆಟ್ಟೂ ಮಸಿಯನ್ನು ನೇರ ವಾಯುಮಂಡಲದ ಮೇಲಿನ ಪದರಕ್ಕೆ ಬಿಡುತ್ತವೆ. ಅಲ್ಲಿ ಅದನ್ನು ತೊಳೆಯುವ ಮಳೆಯಿಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ನೆಲಮಟ್ಟದ ಮಸಿಗಿಂತ ಅದು ಸುಮಾರು 500 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆಂದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದ್ದಾರೆ.

ಸಹಿ ಹಾಕುವ ಕಾಗದ

ಇವೆಲ್ಲ ಯಾನಗಳಿಗೆ ಅಮೆರಿಕದಲ್ಲಿ ಪರವಾನಗಿ ಕೊಡುವುದು ಎಫ್‌ಎಎ. ಆದರೆ ಅದು ಕಾಯುವುದು ನೆಲದ ಮೇಲಿನ ಜನರನ್ನು, ಒಳಗೆ ಕೂತವರನ್ನಲ್ಲ. ಪ್ರಯಾಣಿಕರ ರಕ್ಷಣೆಗೆಂದೇ ನಿಯಮ ಮಾಡದಂತೆ 2004ರ ಕಾನೂನು ಅದರ ಕೈ ಕಟ್ಟಿತು. ಹೊಸ ಉದ್ಯಮ ಕಲಿಯಲಿ ಎಂಬುದು ಉದ್ದೇಶ. 2012ಕ್ಕೆ ಮುಗಿಯಬೇಕಿದ್ದ ಆ ಅವಧಿಯನ್ನು ಮತ್ತೆ ಮತ್ತೆ ಚಾಚಿ, 2024ರಲ್ಲಿ ಇನ್ನೊಮ್ಮೆ ಚಾಚಿ, 2028ರ ಜನವರಿ 1ಕ್ಕೆ ತಂದಿಟ್ಟಿದ್ದಾರೆ. ಅಲ್ಲಿಯವರೆಗೆ ಪ್ರಯಾಣಿಕರಿಗಿರುವ ಕಾಪು ಒಂದೇ, ತಿಳಿದು ಕೊಟ್ಟ ಲಿಖಿತ ಒಪ್ಪಿಗೆ. ಸರಕಾರ ಈ ನೌಕೆಯನ್ನು ಸುರಕ್ಷಿತ ಎಂದು ಪ್ರಮಾಣೀಕರಿಸಿಲ್ಲ, ಸಾವು ಅಥವಾ ಗಂಭೀರ ಗಾಯ ಸಂಭವಿಸಬಹುದು, ಗೊತ್ತಿಲ್ಲದ ಅಪಾಯಗಳೂ ಇವೆ ಎಂದು ಕಂಪನಿ ಬರೆದು ತಿಳಿಸಬೇಕು. ಪ್ರಯಾಣಿಕರು ದಾವೆಯ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೂ ಸಹಿ ಹಾಕುತ್ತಾರೆ. ಟೆಕ್ಸಾಸ್, ಫ್ಲಾರಿಡಾ, ನ್ಯೂ ಮೆಕ್ಸಿಕೊ ರಾಜ್ಯಗಳ ಕಾನೂನುಗಳೂ ಕಂಪನಿಯ ಹೊಣೆಗೆ ಮಿತಿ ಹಾಕಿವೆ.

ಅಪಾಯದ ಪ್ರಮಾಣ ಅಂದಾಜಿಗೆ ಸಿಗದಷ್ಟು ಮಸುಕಾಗಿಲ್ಲ. ಷಟಲ್‌ಗಳು 135 ಬಾರಿ ಹಾರಿ ಎರಡು ನಾಶವಾದವು, 14 ಜನ ಸತ್ತರು. ಡ್ರ್ಯಾಗನ್, ಸ್ಟಾರ್‌ಲೈನರ್‌ಗಳಿಗೆ ನಾಸಾ ಇಟ್ಟ ಗುರಿ, ಯಾತ್ರಿಗಳು ಸಾಯುವ ಸಂಭವ 270ರಲ್ಲಿ 1ಕ್ಕಿಂತ ಹೆಚ್ಚಿರಬಾರದು ಎಂಬುದು. ವಿಮಾನದಲ್ಲಿ ಕೂರುವಾಗ ಯಾರೂ ಒಪ್ಪದ ಅಂಕಿ ಇದು. ಡ್ರ್ಯಾಗನ್‌ಗೆ ನಾಸಾ ತನ್ನ ಯಾತ್ರಿಗಳಿಗಾಗಿ ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡಿತು, ಅದರ ಲಾಭ ಖಾಸಗಿ ಪ್ರಯಾಣಿಕರಿಗೂ ಸಿಕ್ಕಿತು. ಹತ್ತು ನಿಮಿಷದ ಯಾನಕ್ಕೆ ಟಿಕೆಟ್ ಕೊಂಡವರ ಪರವಾಗಿ ಹಾಗೆ ಪಟ್ಟು ಹಿಡಿಯಬೇಕಾದ ಅಧಿಕಾರಿ ಯಾರೂ ಇಲ್ಲ. 2028ರ ನಂತರ ಬರುವ ನಿಯಮಗಳಲ್ಲಿ ಮೊದಲನೆಯದು ಪಾರಾಗುವ ದಾರಿಯ ಬಗ್ಗೆಯೇ ಇರಬೇಕು, ಎಂಜಿನ್ ಎಂಥದ್ದು, ರೆಕ್ಕೆ ಇದೆಯೇ ಎಂಬುದನ್ನು ಕಂಪನಿಗಳಿಗೇ ಬಿಡಬಹುದು.

ಆವರೆಗೆ ಪ್ರಯಾಣಿಕರ ಕೈಯಲ್ಲಿ ಒಂದು ಹಕ್ಕಿದೆ, ಬಹಳ ಮಂದಿ ಗಮನಿಸದ್ದು. ಹೊರಡುವ ಮುನ್ನ ಬಾಯಿಮಾತಿನಲ್ಲಿ ಪ್ರಶ್ನೆ ಕೇಳಲು ಕಂಪನಿ ಅವಕಾಶ ಕೊಡಲೇಬೇಕು ಎನ್ನುತ್ತದೆ ಎಫ್‌ಎಎ ನಿಯಮ. ನೌಕೆಯ ಹಿಂದಿನ ಅವಘಡಗಳ ವಿವರವನ್ನೂ ಕೇಳಿ ಪಡೆಯಬಹುದು. ಹಾಗಿದ್ದರೆ ಹೀಗೆ ಕೇಳಬಹುದು: ಎಂಜಿನ್ 30ನೇ ಸೆಕೆಂಡಿನಲ್ಲಿ ಒಡೆದರೆ ನಾನಿರುವ ಭಾಗ ಅದರಿಂದ ಹೇಗೆ ಬೇರಾಗುತ್ತದೆ, ಅದನ್ನು ನಿಜವಾದ ಹಾರಾಟದಲ್ಲಿ ಪರೀಕ್ಷಿಸಿದ್ದು ಯಾವಾಗ? ಒಂದು ಪ್ಯಾರಾಚೂಟ್ ಅರಳದಿದ್ದರೆ ಎಷ್ಟು ವೇಗದಲ್ಲಿ ನೆಲ ಮುಟ್ಟುತ್ತೇವೆ? ಕ್ಯಾಪ್ಸೂಲ್‌ನಲ್ಲಿ ಗಾಳಿ ಸೋರಿದರೆ ನಾನು ತೊಟ್ಟ ಉಡುಪು ಒತ್ತಡ ಹಿಡಿಯುತ್ತದೆಯೇ, ಅಥವಾ ಅದು ಬರಿಯ ಬಟ್ಟೆಯೇ? ಯಾವ ಒಂದು ಕೈತಪ್ಪಿನಿಂದ ಇಡೀ ನೌಕೆ ಕಳೆದುಹೋಗಬಹುದು, ಆ ಕೈಯನ್ನು ತಡೆಯಲು ಏನು ಅಳವಡಿಸಿದ್ದೀರಿ?